ತಂಬಿಗೆಯ ಕೆಳಗಿನ ನೋಟು

ಬೇಡಕಿಹಾಳ
9 ಜೂನ್ 2024

ಚಿರಂಜೀವಿ ಬ್ರಾಹ್ಮಿಗೆ ಮಾಮಾ ಭೀಮಗೊಂಡನ ಆಶೀರ್ವಾದ. ಜೈ ಜಿನೇಂದ್ರ.

ಹಾರುತ್ತಿರುವ ವಿಮಾನದಲ್ಲಿ ಪೈಲಟನಿಗೆ ಭಕ್ಷೀಸು ಕೊಟ್ಟ ಮನುಷ್ಯ ಇಡೀ ಭಾರತದಲ್ಲಿ ಒಬ್ಬನೇ ಒಬ್ಬ, ಅವನು ನಿನ್ನ ಮಾಮಾ. ನೂರಾ ಒಂದು ರೂಪಾಯಿ ಕೊಟ್ಟೆ. ಪೈಲಟ ಸ್ಟಿಯರಿಂಗ್ ಬಿಟ್ಟು ಎದ್ದು ಬಂದು ನನ್ನ ಕಾಲು ಮುಟ್ಟಿದ. ವಿಮಾನ ಎರಡು ಮಾರು ಕೆಳಗೆ ಜಗ್ಗಿತು, ಕೂತವರೆಲ್ಲ ಚೀರಿದರು. ನಾನೇ "ಹೋಗಪಾ, ನಿನ್ನ ಕೆಲಸ ನೋಡ್ಕೊ" ಎಂದು ಬೆನ್ನು ತಟ್ಟಿ ಕಳಿಸಿದೆ.

ಇಂಥವನಿಗೆ ನೀನು ಹೋಟೆಲ್ಲಿನ ಕೆಲಸಕ್ಕೆಂದು ಮಸ್ಕತ್ ಮುಟ್ಟಿ ಎಂಟು ದಿನಕ್ಕೆ ಫೋನ್ ಮಾಡಿ "ಮಾಮಾ, ಈ ಟಿಪ್ಪು ಅಂದ್ರ ಹೆಂಗ?" ಎಂದು ಕೇಳಿದರೆ ನಾಲ್ಕು ಮಾತಿನಲ್ಲಿ ಮುಗಿಸಲಾದೀತೇ? ಪಕ್ಕದಲ್ಲಿ ನಿನ್ನ ಅವ್ವ ಕೂತು ನಡುನಡುವೆ ಮೂಗು ಒರೆಸಿಕೊಳ್ಳುತ್ತಾಳೆ, ಮಾತು ಮುಂದೆ ಸಾಗುವುದಿಲ್ಲ. ಫೋನಿನಲ್ಲಿ ಬರೆಯೋಣವೆಂದರೆ ನನ್ನ ಬೆರಳು ಕಬ್ಬಿನ ಗಣಿಕೆಯಷ್ಟು ದಪ್ಪ, ಒಂದು ಅಕ್ಷರ ಒತ್ತಿದರೆ ಮೂರು ಏಳುತ್ತವೆ. ಅದಕ್ಕೇ ನಿನ್ನ ಮಗಳು ಮಾಯಾಳ ವಹಿಯಿಂದ ಎರಡು ಹಾಳೆ ಹರಿದು ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ನೀನೂ ಹೀಗೇ ಬರೆ.

ಈಗ ಕೇಳು. ನಾನು ಒಂಬತ್ತು ದಿನದಲ್ಲಿ ಏಳು ದೇಶ ತಿರುಗಿದವನು. ಊರವರು ಬಸ್‌ಸ್ಟ್ಯಾಂಡಿಗೆ ಬಂದು, ಹಲಗೆ ಬಾರಿಸಿ, ಕೊರಳು ಕಾಣದಷ್ಟು ಮಾಲೆ ಹಾಕಿ ಕಳಿಸಿದ್ದನ್ನು ನೀನೇ ನೋಡಿದ್ದೀ. ಅಮೇರಿಕಾದವರು ಉಂಡ ಬಿಲ್ಲಿನ ಐದರಲ್ಲೊಂದು ಪಾಲು ಬಡಿಸಿದವನಿಗೆ ಕೊಡುತ್ತಾರೆ. ಫ್ರಾನ್ಸಿನವರು ಚಿಲ್ಲರೆ ಬಿಟ್ಟು ಎದ್ದು ಹೋಗುತ್ತಾರೆ. ಈಜಿಪ್ತದಲ್ಲಿ ಬಾಗಿಲು ತೆರೆದವನಿಗೂ ಕೊಡಬೇಕು, ಮುಚ್ಚಿದವನಿಗೂ ಕೊಡಬೇಕು. ಎಲ್ಲರಿಗಿಂತ ಧಾರಾಳಿಗಳು ಜಪಾನಿನವರು. ಆದರೆ ಅವರು ಕೈಯಲ್ಲಿ ಕೊಡುವುದಿಲ್ಲ, ನೀರಿನ ಗ್ಲಾಸಿನ ಕೆಳಗೆ ಇಟ್ಟು ಹೋಗುತ್ತಾರೆ.

ನಿನಗೆ ಬೇಕಾದದ್ದು ಇಷ್ಟೇ. ಕೈಯಲ್ಲಿ ಕೊಟ್ಟರೆ ನಕ್ಕು ತಗೋ. ದಿಂಬಿನ ಮೇಲಿದ್ದರೆ ನಿನ್ನದು. ಗ್ಲಾಸಿನ ಕೆಳಗಿದ್ದರಂತೂ ಕಣ್ಣು ಮುಚ್ಚಿ ನಿನ್ನದು. ಇದನ್ನು ಕಲಿಯಲು ಏಳು ದೇಶ ಯಾಕೆ ಬೇಕು? ನೀನು ಕಾಗವಾಡದಲ್ಲಿ ಎರಡು ಜಡೆ ಹಾಕಿಕೊಂಡು ಓಡಾಡುವಾಗ ನಾನು ಬಂದರೆ ನೀರಿನ ತಂಬಿಗೆ ತಂದಿಡುತ್ತಿದ್ದೆ. ಹೊರಡುವಾಗ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟರೆ ಅವ್ವನ ಮುಖ ನೋಡಿ "ಬ್ಯಾಡ್ರಿ ಮಾಮಾ" ಅನ್ನುತ್ತಿದ್ದೆ. ತಂಬಿಗೆಯ ಕೆಳಗೆ ಇಟ್ಟು ಬಂದರೆ ಬೇಡವೆನ್ನಲು ಮಾಮಾ ಎಲ್ಲಿರುತ್ತಾನೆ? ನಮ್ಮ ಕಡೆ ಎಲ್ಲ ಸೋದರಮಾವಂದಿರೂ ಹೀಗೇ. ಜಗತ್ತೂ ಹೀಗೇ ಇದೆ.

ಮಾಯಾ ಉಂಡಳು. ನಿನ್ನ ಅವ್ವನ ಮಂಡಿನೋವು ಇದ್ದಂತೇ ಇದೆ.

ಇಂತು,
ಏಳು ದೇಶದ ಧಣಿ, ನಿನ್ನ ಮಾಮಾ
ಭೀಮಗೊಂಡ


ಮಸ್ಕತ್
30 ಜೂನ್ 2024

ಮಾಮಾ, ನಮಸ್ಕಾರ.

ನಿಮ್ಮ ಪೈಲಟನ ಕಥೆ ಓದಿ ನಾನೂ ದೀಪಾಲಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೀಪಾಲಿ ನನ್ನ ಖೋಲಿಯಲ್ಲೇ ಇರುವವಳು, ಊರು ನಿಪಾಣಿ. ಇಲ್ಲಿಗೆ ಬಂದು ಮೂರು ವರ್ಷವಾಯಿತು. "ನಿಮ್ಮ ಮಾಮಾ ಲಯ್ ಭಾರಿ ಅದಾರ ಬಿಡವಾ" ಎನ್ನುತ್ತಾಳೆ.

ದಿನಕ್ಕೆ ಹದಿನಾಲ್ಕು ರೂಮು. ಹಾಸಿಗೆಯ ಚಾದರ ಎಳೆದು ಸುಕ್ಕಿಲ್ಲದ ಹಾಗೆ ಸಿಗಿಸಬೇಕು. ನಾನು ಬಚ್ಚಲು ತೊಳೆದು ಹೊರಬರುವಷ್ಟರಲ್ಲಿ ಬೆನ್ನು ನನ್ನದಲ್ಲ ಅನ್ನಿಸುತ್ತದೆ. ಮೂರು ವಾರದಲ್ಲಿ ಬಂದ ಟಿಪ್ಪು ನಾಲ್ಕು ರಿಯಾಲು. ಒಬ್ಬರು ಅರ್ಧ ತಿಂದ ಬಿಸ್ಕಿಟ್ ಪುಡಿಕೆಯ ಮೇಲೆ 'ನಿನಗೆ' ಎಂದು ಚೀಟಿ ಅಂಟಿಸಿ ಹೋಗಿದ್ದರು. ಇನ್ನೊಬ್ಬರು ಹತ್ತು ದಿನ ಇದ್ದು, ಹೋಗುವಾಗ ದೀಪದ ಬಲ್ಬು ಬಿಚ್ಚಿಕೊಂಡು ಹೋದರು.

ಇಲ್ಲಿ ಒಂದು ಕಟ್ಟಳೆ ಇದೆ. ಚೀಟಿ ಇಲ್ಲದ ದುಡ್ಡು ರೂಮಿನಲ್ಲಿ ಕಂಡರೆ ಸೂಪರ್‌ವೈಸರ್‌ಗೆ ತೋರಿಸಬೇಕು. ತೋರಿಸಿದ್ದು ತಿರುಗಿ ಕೈಗೆ ಬಂದದ್ದನ್ನು ಯಾರೂ ಕಂಡಿಲ್ಲ ಎನ್ನುತ್ತಾಳೆ ದೀಪಾಲಿ. ನಾನು ತೋರಿಸುತ್ತಿದ್ದೇನೆ.

ಮಾಮಾ, ಆ ಪತಸಂಸ್ಥೆಯವರು ಏನೆಂದರು? ರಾಯಬಾಗದ ಗಂಡನ ಮನೆಯವರು ಸೋಡಚೀಟಿಯಾಗಿ ಸಂಬಂಧ ಹರಿದ ದಿನ ಕೊಟ್ಟ ದುಡ್ಡನ್ನು ಎಣಿಸದೆ ನಿಮ್ಮ ಕೈಗೆ ಕೊಟ್ಟಿದ್ದೆ. ಪತಸಂಸ್ಥೆಯಲ್ಲಿ ಠೇವಣಿ ಇಟ್ಟಿದ್ದೇನೆ, ಅವರು ಬಾಗಿಲು ಹಾಕಿದ್ದಾರೆ, ತೆರೆದ ಕೂಡಲೇ ಬರುತ್ತದೆ ಎಂದಿದ್ದಿರಿ. ಅದು ಬಂದರೆ ನಾನು ಎರಡು ವರ್ಷ ಇಲ್ಲಿರುವುದು ಬೇಕಾಗಿಲ್ಲ. ನಿಪಾಣಿಯಲ್ಲಿ ಚಕ್ಕಲಿ, ಭಡಂಗದ ಅಂಗಡಿ ಹಾಕಿ ಮಾಯಾಳನ್ನು ಹತ್ತಿರ ಇಟ್ಟುಕೊಳ್ಳುತ್ತೇನೆ. ನಿನ್ನೆ ಫೋನಿನಲ್ಲಿ ಅವಳು ನನ್ನನ್ನು 'ಅತ್ಯಾ' ಎಂದಳು. ಆಮೇಲೆ ತಿದ್ದಿಕೊಂಡಳು.

ನಿಮ್ಮ
ಬ್ರಾಹ್ಮಿ


ಬೇಡಕಿಹಾಳ
28 ಜುಲೈ 2024

ಚಿ. ಬ್ರಾಹ್ಮಿಗೆ ಆಶೀರ್ವಾದ.

ದೂಧಗಂಗೆ ಏರಿದ್ದಾಳೆ, ಸೇತುವೆ ಮುಳುಗಿದೆ, ಕಬ್ಬಿನಲ್ಲಿ ಸೊಂಟದ ತನಕ ನೀರು. ಹೀಗಾಗಿ ಕಾಗದ ತಡವಾಯಿತು. ಫೋಟೊಕ್ಕೂ ನೀರಿಗೂ ಏನು ಸಂಬಂಧ ಎಂದು ಕೇಳಬೇಡ.

ಪತಸಂಸ್ಥೆಯ ಮಾತು ಬಿಡು, ಅದು ನನ್ನ ತಲೆನೋವು. ಚೇರಮನ್ ನನ್ನ ಎದುರು ಕಣ್ಣೆತ್ತಿ ಮಾತಾಡುವುದಿಲ್ಲ, ಅಷ್ಟು ಹೆದರಿಸಿ ಇಟ್ಟಿದ್ದೇನೆ. ದೀಪಾವಳಿಗೆ ಆದೀತು.

ನಿನ್ನ ಕಾಗದದಲ್ಲಿ ನನಗೆ ಸಿಟ್ಟು ಬಂದದ್ದು ಒಂದೇ ಮಾತಿಗೆ. ಅತಿಥಿ ಮನಸ್ಸಿನಿಂದ ಇಟ್ಟುಹೋದದ್ದನ್ನು ಒಯ್ದು ಸೂಪರ್‌ವೈಸರ್‌ಗೆ ತೋರಿಸುತ್ತೀಯಾ? ನಾನು ಕಾಗವಾಡದಲ್ಲಿ ತಂಬಿಗೆಯ ಕೆಳಗೆ ಇಟ್ಟದ್ದನ್ನು ನೀನು ಊರ ಗೌಡನಿಗೆ ಒಯ್ದು ತೋರಿಸುತ್ತಿದ್ದೆಯಾ? ಅದು ಇಟ್ಟವರಿಗೆ ಮಾಡುವ ಅವಮಾನ. ಇವೆಲ್ಲ ಹೋಟೆಲ್ಲಿನವರು ತಮ್ಮ ಕಿಸೆಗೆ ಮಾಡಿಕೊಂಡ ಕಟ್ಟಳೆ. ದೇಶ ಕಂಡವನು ಹೇಳುತ್ತಿದ್ದೇನೆ.

ಮೊನ್ನೆ ಬಾಳಾಸಾಬನ ಚಹಾದಂಗಡಿಯಲ್ಲಿ ಒಬ್ಬ ಕೇಳಿದ: "ಭೀಮಗೊಂಡಣ್ಣಾ, ಏಳು ದೇಶ ತಿರಗಿ ಬಂದೆಲ್ಲ, ಒಂದರ ಫೋಟೋ ತೋರ್ಸಲ್ಲಪಾ." ನಾನಂದೆ: "ಫೋಟೋ ತಗ್ಯಾವ್ರು ನೋಡಾಕ ಹೋದಾವ್ರಲೇ. ನಾ ಹೋಗಿದ್ದು ಕೊಡಾಕ." ಎಲ್ಲರೂ ನಕ್ಕರು. ಬಾಳಾಸಾಬ ಮಾತ್ರ ಗ್ಲಾಸು ತೊಳೆಯುತ್ತ, "ನಮ್ಮಂಗಡ್ಯಾಗ ಒಂದ ಸಲಾನೂ ಕೊಟ್ಟಿಲ್ಲ ನೋಡ್ರಿ" ಅಂದ. ಹೊಟ್ಟೆಕಿಚ್ಚು.

ಇಂತು,
ಭೀಮಗೊಂಡ ಮಾಮಾ


ಮಸ್ಕತ್
14 ಸೆಪ್ಟೆಂಬರ್ 2024, ಮಧ್ಯಾಹ್ನ

ಮಾಮಾ,

ಊಟದ ಹೊತ್ತಿನಲ್ಲಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀವು ಹೇಳಿದ್ದು ಖರೆ.

412ನೇ ರೂಮಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗುಜರಾತಿ, ಕೀನ್ಯಾದಲ್ಲೇ ಹುಟ್ಟಿ ಬೆಳೆದವರು. ನಮ್ಮ ಹಾಗೇ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕಣ್ಣಿನ ಆಪರೇಷನ್‌ಗೆ ಒಬ್ಬರೇ ಬಂದಿದ್ದಾರೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಹನ್ನೆರಡು ದಿನದಿಂದ ನಾನು ಅವರ ಕಣ್ಣಿಗೆ ಹನಿ ಹಾಕುತ್ತೇನೆ, ಸಂಜೆ ಐದಕ್ಕೆ ಅಡುಗೆಮನೆಗೆ ಹೇಳಿ ಬೆಳ್ಳುಳ್ಳಿ ಇಲ್ಲದ ಸಾರು ತರಿಸಿಕೊಡುತ್ತೇನೆ. ಇದು ನನ್ನ ಕೆಲಸವಲ್ಲ. ಅವರ ಹಿಂದಿ ಮುರುಕು, ನನ್ನದೂ ಮುರುಕು. "ನಿನ್ನ ಮಗಳಿಗೆ ಏನು ಕೊಡಲಿ?" ಎಂದು ಕೇಳುತ್ತಿದ್ದರು. ನಾನು ಏನೂ ಬೇಡ ಎನ್ನುತ್ತಿದ್ದೆ.

ನಿನ್ನೆ ಅವರು "ನಾಳೆ ಊರಿಗೆ ಹೋಗುತ್ತೇನೆ" ಎಂದಿದ್ದರು. ಇಂದು ಬೆಳಿಗ್ಗೆ ಹೋದರೆ ಅವರು ಇರಲಿಲ್ಲ, ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ಮಂಚದ ಪಕ್ಕ ನೀರಿನ ಗ್ಲಾಸು. ಅದರ ಕೆಳಗೆ ಮಡಿಸಿದ ನೋಟುಗಳು, ಒಟ್ಟು ಅರವತ್ತು ರಿಯಾಲು. ನಮ್ಮ ಹದಿಮೂರು ಸಾವಿರ.

ನಾನು ಬಹಳ ಹೊತ್ತು ನಿಂತೆ ಮಾಮಾ. ನನಗೆ ಕಾಗವಾಡದ ಪಡಸಾಲೆ ಕಂಡಿತು. ನೀವು ಚಪ್ಪಲಿ ಮೆಟ್ಟಿಕೊಂಡು ಹಿಂದೆ ನೋಡದೆ ಹೋಗುತ್ತಿದ್ದದ್ದು, ನಾನು ತಂಬಿಗೆ ಎತ್ತುತ್ತಿದ್ದದ್ದು. ಸೂಪರ್‌ವೈಸರ್‌ಗೆ ತೋರಿಸಲಿಲ್ಲ. ಇಷ್ಟು ದಿನದಲ್ಲಿ ತೋರಿಸದೆ ಇದ್ದದ್ದು ಇದೊಂದೇ.

ಮಾಯಾಳಿಗೆ ಒಂದು ಸೈಕಲ್ಲು ನೋಡಿ ಇಡಿ. ಕೆಂಪು.

ನಿಮ್ಮ
ಬ್ರಾಹ್ಮಿ


ಬೇಡಕಿಹಾಳ
16 ಸೆಪ್ಟೆಂಬರ್ 2024

ಚಿ. ಬ್ರಾಹ್ಮಿಗೆ,

ಶಾಬ್ಬಾಸ್! ನಿನ್ನ ಕಾಗದವನ್ನು ಬಾಳಾಸಾಬನ ಅಂಗಡಿಯಲ್ಲಿ ಎರಡು ಸಲ ಓದಿದೆ. ಮೊದಲ ಸಲ ಅರವತ್ತು ರಿಯಾಲು ಅಂದೆ, ಎರಡನೆಯ ಸಲ ಆರುನೂರು ಅಂದೆ. ಇರಲಿ, ದೂರದ ಊರಿನ ದುಡ್ಡು, ಯಾರಿಗೆ ಲೆಕ್ಕ ಗೊತ್ತು! "ನೋಡ್ರಲೇ, ಮಾಮಾನ ಇದ್ಯಾ ಸಮುದ್ರ ದಾಟಿ ಹಣ್ಣಾತು" ಅಂದೆ. ಬಾಳಾಸಾಬ ಬಾಯಿ ಮುಚ್ಚಿಕೊಂಡು ಚಹಾ ಕೊಟ್ಟ.

ನಿನ್ನ ಅವ್ವ ಮಾತ್ರ "ಆ ಅಜ್ಜೀನ ಒಂದ ಮಾತು ಕೇಳಿ ತಗೋಬೇಕಿತ್ತು" ಅಂದಳು. ಅವಳು ಚಿಕ್ಕೋಡಿಯಾಚೆ ಏನು ಕಂಡಿದ್ದಾಳೆ? ಮಾಯಾಳನ್ನು ಚಿಕ್ಕೋಡಿಗೆ ಕರೆದೊಯ್ದು ಕೆಂಪು ಸೈಕಲ್ಲು ತೋರಿಸಿದೆ. ಅಂಗಡಿಯಲ್ಲೇ ಹತ್ತಿ ಕೂತು ಇಳಿಯಲಿಲ್ಲ, ಅಳಿಸಿ ಇಳಿಸಿದೆ.

ನಿನ್ನ ಗುರು,
ಭೀಮಗೊಂಡ


ಮಸ್ಕತ್
17 ಸೆಪ್ಟೆಂಬರ್ 2024

ಮಾಮಾ,

ನನ್ನ ಫೋನು ಆಫೀಸಿನಲ್ಲಿ ಇಟ್ಟುಕೊಂಡಿದ್ದಾರೆ. ಇದನ್ನು ದೀಪಾಲಿ ತನ್ನ ಫೋನಿನಿಂದ ಕಳಿಸುತ್ತಾಳೆ. ಅವ್ವನಿಗೆ ಓದಿ ಹೇಳಬೇಡಿ.

ಅಜ್ಜಿ ಹೋಗಿರಲಿಲ್ಲ. ಪಟ್ಟಿ ಬದಲಿಸಲು ದವಾಖಾನೆಗೆ ಹೋಗಿದ್ದರು, ಡಾಕ್ಟರರು ಇನ್ನೊಂದು ವಾರ ತಡೆದರಂತೆ. ಆ ದುಡ್ಡು ಡಾಕ್ಟರರಿಗೆ ಕೊಡಬೇಕಾದದ್ದು. ಕಣ್ಣು ಕಾಣದ್ದರಿಂದ ಎಲ್ಲವನ್ನೂ ಕೈ ತಡವಿ ಸಿಗುವ ಹಾಗೆ ಇಟ್ಟುಕೊಳ್ಳುತ್ತಾರೆ. ದುಡ್ಡು ಗ್ಲಾಸಿನ ಕೆಳಗೆ, ಮಾತ್ರೆ ದಿಂಬಿನ ಕೆಳಗೆ. ಸಂಜೆ ತಡವಿ ನೋಡಿ, ಸಿಗದೆ, ಕೆಳಗೆ ಫೋನ್ ಮಾಡಿದ್ದಾರೆ. ನಾನು ಓಡಿ ಹೋಗಿ ಅರವತ್ತು ರಿಯಾಲನ್ನೂ ಕೈಗೆ ಇಟ್ಟೆ. ಅಷ್ಟರಲ್ಲಿ ಮ್ಯಾನೇಜರ್ ಬಂದು ನಿಂತಿದ್ದರು.

ಮ್ಯಾನೇಜರ್ ಕೆಟ್ಟವರಲ್ಲ. "ಯಾರು ಹೇಳಿದರು ಇದು ನಿನ್ನದೆಂದು?" ಎಂದು ಕೇಳಿದರು. ನಮ್ಮ ಮಾಮಾ, ದೇಶ ಸುತ್ತಿದವರು ಅಂದೆ. ತಂಬಿಗೆಯ ವಿಷಯವನ್ನೂ ಹೇಳಿದೆ. ಅಜ್ಜಿ ಕೇಳಿ ಸ್ವಲ್ಪ ನಕ್ಕರು. "ಹುಡುಗಿ ತಪ್ಪು ತಿಳಿದಿದ್ದರೆ ನಾನು ಹಾಗೇ ಬರೆದುಕೊಡುತ್ತೇನೆ, ಅವಳ ಮಾವನಿಂದ ಒಂದು ಮಾತು ಬರಲಿ" ಅಂದರು. ಶನಿವಾರ ಅವರ ವಿಮಾನ. ಅಷ್ಟರೊಳಗೆ ಬಂದರೆ ನನ್ನದು ತಪ್ಪು ತಿಳುವಳಿಕೆ. ಇಲ್ಲದಿದ್ದರೆ ಕಳವು, ಪೊಲೀಸರಿಗೆ ಕೊಡುತ್ತಾರೆ.

ಎರಡೇ ಸಾಲು ಬರೆಯಿರಿ ಮಾಮಾ. ನಮ್ಮ ಕಡೆ ಮಾಮಂದಿರು ತಂಬಿಗೆಯ ಕೆಳಗೆ ಇಟ್ಟದ್ದು ಮಕ್ಕಳಿಗೆ, ಅದನ್ನೇ ನಾನು ಅವಳಿಗೆ ಹೇಳಿದ್ದೆ, ಎಂದು. ಕನ್ನಡದಲ್ಲೇ ಬರೆಯಿರಿ, ದೀಪಾಲಿ ಓದಿ ಹೇಳುತ್ತಾಳೆ. ಇನ್ನೇನೂ ಬೇಡ.

ಬ್ರಾಹ್ಮಿ


ಚಿಕ್ಕೋಡಿ ಕೋರ್ಟಿನ ಎದುರು
19 ಸೆಪ್ಟೆಂಬರ್ 2024

ಬ್ರಾಹ್ಮಿ, ಹೆದರಬೇಡ. ನೀನು ಹೇಳಿದ ಎರಡು ಸಾಲು ಬಡವರ ಮಾತಿನ ಹಾಗೆ ಕಾಣುತ್ತದೆ. ದೊಡ್ಡ ಹೋಟೆಲ್ಲಿನವರಿಗೆ ದೊಡ್ಡದಾಗಿಯೇ ಬರೆಯಬೇಕು. ನೂರು ರೂಪಾಯಿಯ ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿಯ ಶಿಕ್ಕಾ ಹೊಡೆಸಿದ್ದೇನೆ. ಕೆಳಗೆ ಅದರ ನಕಲು.

ಮ್ಯಾನೇಜರ್ ಸಾಹೇಬರ ಸನ್ನಿಧಿಗೆ:

ಕೆಳಗೆ ಸಹಿ ಮಾಡಿದ ನಾನು ಭೀಮಗೊಂಡ, ವಯಸ್ಸು ಐವತ್ತೆಂಟು, ಧಂದೆ ಕಬ್ಬಿನ ಒಕ್ಕಲುತನ ಮತ್ತು ಜಗತ್ಪ್ರವಾಸ, ಸತ್ಯ ಪ್ರಮಾಣದ ಮೇಲೆ ಬರೆದುಕೊಡುವುದೇನೆಂದರೆ: ನಮ್ಮ ಕಡೆ ತಂಬಿಗೆಯ ಕೆಳಗೆ ಇಟ್ಟ ದುಡ್ಡು ಮನೆಯ ಮಕ್ಕಳಿಗೆ ಸೇರುತ್ತದೆ. ಇದೇ ಪದ್ಧತಿ ಜಗತ್ತಿನ ಎಲ್ಲ ಸುಧಾರಿಸಿದ ದೇಶಗಳಲ್ಲಿ ಇರುವುದನ್ನು ನಾನು ಸ್ವತಃ ಕಂಡಿದ್ದೇನೆ. ಜಪಾನ್ ದೇಶದ ಟೋಕಿಯೋ ಶಹರದ ಭಾರಿ ಹೋಟೆಲ್ಲಿನಲ್ಲಿ ನಾಲ್ಕು ದಿನ ಇದ್ದೆ. ದಿನಾಲು ಗ್ಲಾಸಿನ ಕೆಳಗೆ ನೋಟು ಇಡುತ್ತಿದ್ದೆ. ರೂಮು ತೊಳೆಯುವ ಹೆಣ್ಣುಮಕ್ಕಳು ಅದನ್ನು ತೆಗೆದುಕೊಂಡು, ಸಾಲಾಗಿ ನಿಂತು, ಸೊಂಟ ಬಗ್ಗಿಸಿ ನನಗೆ ನಮಸ್ಕಾರ ಮಾಡುತ್ತಿದ್ದರು. ಆ ದೇಶದಲ್ಲಿ ಹೀಗೆ ತೆಗೆದುಕೊಳ್ಳದಿದ್ದರೇ ಅತಿಥಿಗೆ ಅವಮಾನ. ಆದ್ದರಿಂದ ನನ್ನ ಸೋದರಸೊಸೆ ಮಾಡಿದ್ದು ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರವೇ ಇದೆ.

ಸಹಿ: ಭೀಮಗೊಂಡ, ಏಳು ದೇಶಗಳ ಅನುಭವಿ


ಮಸ್ಕತ್
23 ಸೆಪ್ಟೆಂಬರ್ 2024

ಮಾಮಾ,

ಶುಕ್ರವಾರ ಮ್ಯಾನೇಜರರ ಕೋಣೆಯಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ನಾನು ನಿಂತಿದ್ದೆ. ದೀಪಾಲಿ ನಿಮ್ಮ ಕಾಗದವನ್ನು ಹಿಂದಿಯಲ್ಲಿ ಹೇಳುತ್ತಾ ಹೋದಳು. ತಂಬಿಗೆಯ ಸಾಲಿಗೆ ಮ್ಯಾನೇಜರ್ ತಲೆ ಆಡಿಸಿದರು, ಪೆನ್ನು ಕೈಗೆ ತಗೊಂಡರು. ಅಜ್ಜಿ ಸಹಿ ಮಾಡಲು ಕೈ ಚಾಚಿ ಕಾಗದ ತಡವುತ್ತಿದ್ದರು.

ದೀಪಾಲಿ ಮುಂದಿನ ಸಾಲು ನೋಡಿ ನಿಂತಳು. ನನ್ನ ಮುಖ ನೋಡಿದಳು. ಮ್ಯಾನೇಜರ್ "ಪೂರಾ ಓದು" ಅಂದರು.

ಜಪಾನಿನ ಮಾತು ಬಂದ ಕೂಡಲೇ ಅವರು ಪೆನ್ನು ಕೆಳಗಿಟ್ಟರು. ಅವರು ಆ ದೇಶದ ಹೋಟೆಲ್ಲಿನಲ್ಲಿ ಆರು ವರ್ಷ ದುಡಿದವರಂತೆ. "ಅಲ್ಲಿ ಟಿಪ್ಪು ಎಂಬುದೇ ಇಲ್ಲ. ಮೇಜಿನ ಮೇಲೆ ಒಂದು ನಾಣ್ಯ ಮರೆತು ಬಂದರೂ ಬೀದಿಯ ತನಕ ಓಡಿ ಬಂದು ಕೈಗೆ ಕೊಡುತ್ತಾರೆ. ಈ ಮನುಷ್ಯ ಆ ದೇಶ ಕಂಡೇ ಇಲ್ಲ" ಅಂದರು. ಕಟುವಾಗಿ ಹೇಳಲಿಲ್ಲ. ಸಾವಕಾಶ ಹೇಳಿದರು.

ಅಜ್ಜಿ ನನ್ನ ಕಡೆ ಮುಖ ಮಾಡಿ, ಸರಿಯಾಗಿ ನನ್ನ ಕಡೆಗೂ ಅಲ್ಲ, ಗೋಡೆಯ ಕಡೆಗೆ, "ಬೇಟೀ, ಹಾಗಾದರೆ ಆ ತಂಬಿಗೆಯ ಮಾತೂ ಇಂಥದ್ದೇ ಏನು?" ಎಂದು ಕೇಳಿದರು. ಇಲ್ಲ ಅಂದೆ. ಎರಡು ಸಲ ಅಂದೆ. ಅವರು ಕೋಲು ಹುಡುಕಿಕೊಂಡು ಎದ್ದರು. ನಾನು ದಿನವೂ ಹಿಡಿಯುತ್ತಿದ್ದ ಮೊಣಕೈ. ಹಿಡಿಯಲು ಹೋದರೆ ಬಿಡಿಸಿಕೊಂಡರು.

ಈಗ ಒಂದೇ ದಾರಿ ಉಳಿದಿದೆ. ಮಾವ ನಿಜವಾಗಿ ಹೊರದೇಶಕ್ಕೆ ಹೋದವನೆಂದು ಪಾಸ್‌ಪೋರ್ಟಿನ ಶಿಕ್ಕಾ ತೋರಿಸಲಿ, ಅಜ್ಜಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತೇನೆ ಎಂದಿದ್ದಾರೆ ಮ್ಯಾನೇಜರ್. ಯಾವ ದೇಶದ್ದಾದರೂ ಸರಿ, ಒಂದು ಪುಟದ ಫೋಟೊ ಕಳಿಸಿ ಮಾಮಾ. ಈ ತಿಂಗಳ ಕೊನೆಯ ತನಕ ತಡೆದಿದ್ದಾರೆ.

ನೀವು ಹೋಗಿದ್ದಿರಲ್ಲವೇ?

ಬ್ರಾಹ್ಮಿ


ಬೇಡಕಿಹಾಳ
29 ಸೆಪ್ಟೆಂಬರ್ 2024

ಬ್ರಾಹ್ಮಿ,

ಪಾಸ್‌ಪೋರ್ಟು ಟ್ರಂಕಿನಲ್ಲಿತ್ತು. ನೆರೆಯ ನೀರು ಒಳಗೆ ಬಂದಿತ್ತಲ್ಲ, ಶಿಕ್ಕಾದ ಶಾಯಿ ಎಲ್ಲ ಹರಡಿಹೋಗಿದೆ. ಉಳಿದದ್ದನ್ನು ಗೆದ್ದಲು ತಿಂದಿದೆ. ಫೋಟೊ ತೆಗೆದರೆ ಏನೂ ಕಾಣುವುದಿಲ್ಲ. ಬೆಳಗಾವಿಯಲ್ಲಿ ಸಾಹೇಬರೊಬ್ಬರು ನನ್ನ ಪರಿಚಯದವರು, ನಕಲು ತೆಗೆಸಿಕೊಡುತ್ತಾರೆ. ಮ್ಯಾನೇಜರರಿಗೆ ಇನ್ನೊಂದು ತಿಂಗಳು ತಡೆಯಲು ಹೇಳು.

ಮಾಯಾ ಚೆನ್ನಾಗಿದ್ದಾಳೆ.

ಭೀಮಗೊಂಡ


ಮಸ್ಕತ್
11 ಅಕ್ಟೋಬರ್ 2024

ಭೀಮಗೊಂಡ ಮಾಮಾ ಅವರಿಗೆ,

ನಾನು ದೀಪಾಲಿ. ಬ್ರಾಹ್ಮಿ ಇಲ್ಲಿ ಇಲ್ಲ. ಒಂದನೇ ತಾರೀಖಿಗೆ ಪೊಲೀಸರು ಕರೆದೊಯ್ದರು. ಭೇಟಿಗೆ ಒಂದು ಸಲ ಬಿಟ್ಟರು, ಹತ್ತು ಮಿನಿಟು. ಮಗಳಿಗೆ ಹೇಳಬೇಡಿ ಎಂದು ಮಾತ್ರ ಹೇಳಿದಳು. ನೀವು ನೀರಿನ, ಗೆದ್ದಲಿನ ಕಾಗದ ಕಳಿಸಿದ್ದಿರಲ್ಲ, ಅದನ್ನು ಅವಳಿಗೆ ಓದಿ ಹೇಳಿದೆ. ಇನ್ನು ಮೇಲೆ ಈ ನಂಬರಿಗೆ ಕಾಗದ ಕಳಿಸಬೇಡಿರಿ, ನನ್ನ ಕೆಲಸಕ್ಕೂ ತೊಂದರೆ ಆಗುತ್ತದೆ.

ದೀಪಾಲಿ


ಬೇಡಕಿಹಾಳ
2 ಮಾರ್ಚ್ 2025

ಬ್ರಾಹ್ಮಿಗೆ,

ನಿನ್ನ ಫೋನು ನಾನು ಕಳಿಸುವ ಕಾಗದದ ಫೋಟೊ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅಂಚೆಯಲ್ಲಿ ಹಾಕುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಮೂರು ತಿಂಗಳು ಒಳಗಿದ್ದು, ಇನ್ನೆಂದೂ ಆ ಕಡೆ ಬರಬಾರದೆಂಬ ಶಿಕ್ಕಾ ಹೊಡೆಸಿಕೊಂಡು ನೀನು ಬಂದದ್ದು ನನಗೆ ಗೊತ್ತಾದದ್ದು ನಿನ್ನ ಅವ್ವ ಗಂಟು ಕಟ್ಟಿದ ದಿನ. ಮಾಯಾಳ ಕೈ ಹಿಡಿದುಕೊಂಡು ನಿಪಾಣಿಯ ಬಸ್ಸು ಹತ್ತಿದಳು. "ಎಲ್ಲಿಗಕ್ಕಾ?" ಅಂದರೆ "ನನ್ನ ಮಗಳ ಕಡೆ" ಅಂದಳು. ಬಾಳಾಸಾಬನ ಅಂಗಡಿಯಲ್ಲಿ ನಾನು ಆರುನೂರು ರಿಯಾಲು ಎಂದು ಓದಿದ್ದನ್ನು ಊರು ಮರೆತಿಲ್ಲ. ನೀನು ಆರುನೂರು ಕದ್ದೆ ಎಂದೇ ಇಲ್ಲಿ ಮಾತು. ಅರವತ್ತು ಎಂದು ನಾನು ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಮೊನ್ನೆ ಗುರುವಾರ ನಿಮ್ಮ ಖೋಲಿಗೆ ಬಂದೆ. ತಂಬಾಕಿನ ವಖಾರಿಯ ಕೆಲಸದಿಂದ ನೀನು ಆಗಷ್ಟೇ ಬಂದಿದ್ದೆ, ಸೆರಗಿನಲ್ಲೆಲ್ಲ ಪುಡಿ, ಕೆಮ್ಮುತ್ತಿದ್ದೆ. ಕೊಲ್ಹಾಪುರದ ಹೋಟೆಲ್ಲಿನವರು ಯಾರೂ ಕೆಲಸ ಕೊಡಲಿಲ್ಲವಂತೆ, ನಿನ್ನ ಅವ್ವ ಹೇಳಿದಳು. ನೀನು ನನ್ನ ಕಡೆ ನೋಡಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಬಾಯಿ ಮಾಡಿ ಏನಾದರೂ ಒಂದು ಹೇಳಿ ಬಿಡುತ್ತಿದ್ದೆ, ನನಗೆ ಅದು ಬರುತ್ತದೆ. ಮಾಯಾ ತಂಬಿಗೆಯಲ್ಲಿ ನೀರು ತಂದು ಇಟ್ಟಳು. ಒಂದು ತಾಸು ಕೂತೆ. ಎದ್ದು ಬರುವಾಗ ತಂಬಿಗೆಯ ಕೆಳಗೆ ಐನೂರರ ನೋಟು ಇಟ್ಟೆ. ಕೈ ತಾನೇ ಇಟ್ಟಿತು.

ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕೋಡಿಯ ಬಸ್ಸು ಹತ್ತಲು ಕಾಲು ಎತ್ತಿದ್ದೆ. ಹಿಂದಿನಿಂದ ಅಂಗಿ ಜಗ್ಗಿದಂತಾಯಿತು. ಮಾಯಾ. ಬರಿಗಾಲು, ಬಾಯಿ ತೆರೆದು ಉಸಿರು ಬಿಡುತ್ತಿದ್ದಳು. ಅಷ್ಟು ದೊಡ್ಡ ರಸ್ತೆ ಒಬ್ಬಳೇ ದಾಟಿ ಬಂದಿದ್ದಳು.

"ಅಜ್ಜಾ, ನಿಂದು ಉಳದಿತ್ತು. ತಗೋ."

"ಅದು ನಿನಗ ಇಟ್ಟಿದ್ದವಾ."

"ಹಂಗ ಅಂತ ಬಾಯಿಲೆ ಹೇಳಿಲ್ಲಲ್ಲ ನೀ. ಯಾರದಂತ ಕೇಳದ ಮುಟ್ಟಬಾರದು, ಅವ್ವ ಹೇಳ್ಯಾಳ."

"ಈಗ ಹೇಳಾಕತ್ತೇನಲ್ಲ. ನಿಂದ ಅದು."

"ನೀ ಹೇಳಿದ್ದು ಖರೆ ಇರಂಗಿಲ್ಲಂತ" ಅಂದಳು. ನೋಟನ್ನು ನನ್ನ ಕಿಸೆಗೆ ತುರುಕಿ, ಓಡಿಹೋದಳು. ಕಂಡಕ್ಟರ್ "ಹತ್ತೀರೋ ಇಲ್ಲೋ ಯಜಮಾನ್ರ?" ಎಂದು ಕೂಗಿದ. ನಾನು ಹತ್ತಲಿಲ್ಲ. ಮುಂದಿನ ಬಸ್ಸನ್ನೂ ಹತ್ತಲಿಲ್ಲ.

ಬ್ರಾಹ್ಮಿ, ನಾನು ಹೋಗಿರಲಿಲ್ಲ.

ನಿಪಾಣಿಯಲ್ಲಿ ಒಬ್ಬ ಟೂರಿನವನಿದ್ದ. ಏಳು ದೇಶ, ಒಂಬತ್ತು ದಿನ ಎಂದ. ಮೊದಲು ಸೀಟಿಗೆ ತಗೊಂಡ, ಆಮೇಲೆ ವೀಸಾಕ್ಕೆ. ಕೊನೆಗೆ, ಪರದೇಶದಲ್ಲಿ ಗೈಡಿಗೂ ಡ್ರೈವರನಿಗೂ ತಲೆಗೆ ಇಷ್ಟೆಂದು ಟಿಪ್ಪು ಕಡ್ಡಾಯ, ಮುಂಗಡ ಕಟ್ಟಬೇಕು ಎಂದು ಬೇರೆ ತಗೊಂಡ. ಆ ಟಿಪ್ಪಿನ ಪಾವತಿಯ ಜೊತೆ ಒಂದು ಹಾಳೆ ಕೊಟ್ಟ, ಯಾವ ದೇಶದಲ್ಲಿ ಎಷ್ಟು ಕೊಡಬೇಕೆಂದು ಗೆರೆ ಎಳೆದು ಮನೆ ಮನೆ ಮಾಡಿ ಅಚ್ಚು ಹಾಕಿಸಿದ್ದು. ನನ್ನ ದುಡ್ಡಿಗೆ ನನಗೆ ಸಿಕ್ಕದ್ದು ಆ ಒಂದು ಹಾಳೆ. ಅದರಲ್ಲಿ ಜಪಾನಿನ ಮುಂದಿನ ಮನೆ ಖಾಲಿ ಇತ್ತು. ಅಚ್ಚು ಹಾಕುವವನು ಮರೆತಿದ್ದಾನೆಂದು ತಿಳಿದು ನಾನೇ ಕಾಗವಾಡದ ತಂಬಿಗೆಯನ್ನು ಒಯ್ದು ಅಲ್ಲಿಟ್ಟೆ. ಖಾಲಿ ಇದ್ದದ್ದೇ ಉತ್ತರ ಎಂದು ನನಗೆ ಹೊಳೆಯಲಿಲ್ಲ.

ಊರೆಲ್ಲ ಮಾಲೆ ಹಾಕಿ ಕಳಿಸಿದ ಮರುದಿನ ಮುಂಬಯಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಸಂಜೆಯ ತನಕ ನಿಂತೆ. ಅವನು ಬರಲಿಲ್ಲ, ಅವನ ಫೋನೂ ಹತ್ತಲಿಲ್ಲ. ಪೊಲೀಸ ಎರಡು ಸಲ ಎಬ್ಬಿಸಿದ. ತಿರುಗಿ ಊರಿಗೆ ಬರಬಹುದಿತ್ತು. ಆ ಹಲಗೆಯ ಸಪ್ಪಳ ಕಿವಿಯಲ್ಲಿ ಇನ್ನೂ ಇತ್ತು, ಹೆಂಗೆ ಬರಲಿ? ಕುರ್ಲಾದಲ್ಲಿ ಒಂದು ಲಾಜಿನಲ್ಲಿ ಒಂಬತ್ತು ದಿನ ಕೂತೆ. ಮಾಳಿಗೆ ಹತ್ತಿ ವಿಮಾನ ನೋಡುತ್ತಿದ್ದೆ. ಒಬ್ಬ ಮುದುಕಿ ದಿನಾ ನನ್ನ ರೂಮು ತೊಳೆಯುತ್ತಿದ್ದಳು. ಬಿಡುವಾಗ ಅವಳು ಬಾಗಿಲ ಹತ್ತಿರ ನಿಂತಿದ್ದಳು, ಕೈ ಚಾಚಲಿಲ್ಲ, ಸುಮ್ಮನೆ ನಿಂತಿದ್ದಳು. ನಾನು ಏನೂ ಕೊಡದೆ ಇಳಿದು ಬಂದೆ. ಬಾಳಾಸಾಬ ಹೇಳಿದ್ದು ಖರೆ. ನಾನು ನನ್ನ ಜನ್ಮದಲ್ಲಿ ಯಾರಿಗೂ ಭಕ್ಷೀಸು ಕೊಟ್ಟವನಲ್ಲ. ಕೊಟ್ಟದ್ದು ನಿನ್ನೊಬ್ಬಳಿಗೆ, ಹತ್ತು ಹತ್ತು ರೂಪಾಯಿ, ತಂಬಿಗೆಯ ಕೆಳಗೆ.

ನನ್ನ ಪಾಸ್‌ಪೋರ್ಟಿಗೆ ನೀರು ಬಿದ್ದಿಲ್ಲ, ಗೆದ್ದಲು ಹತ್ತಿಲ್ಲ. ಹೊಸದರ ಹಾಗೇ ಇದೆ. ಎಲ್ಲ ಪುಟ ಖಾಲಿ. ಇದರೊಳಗೆ ಇಟ್ಟಿದ್ದೇನೆ. ನೀನು ಕೇಳಿದಾಗ ಈ ಖಾಲಿ ಪುಟವನ್ನೇ ಕಳಿಸಿ, ನಾನು ಸುಳ್ಳ, ನನ್ನ ಸೊಸೆ ಸುಳ್ಳಿಯಲ್ಲ ಎಂದು ಬರೆದಿದ್ದರೆ ಆ ಅಜ್ಜಿ ನಂಬುತ್ತಿದ್ದಳೋ ಏನೋ. ಆ ದಿನ ಪೆನ್ನು ಕೈಯಲ್ಲಿತ್ತು. ಬೇಡಕಿಹಾಳದ ಬಸ್‌ಸ್ಟ್ಯಾಂಡು ಕಣ್ಣ ಮುಂದೆ ಬಂತು, ಗೆದ್ದಲು ಎಂದು ಬರೆದೆ.

ನಿನ್ನ ಅವ್ವನಿಗೆ ಟೂರಿನವನ ಕೈಯಲ್ಲಿ ನಾನು ಕಳೆದದ್ದು ನಲವತ್ತು ಸಾವಿರ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅದನ್ನೂ ಹೇಳಲಿಲ್ಲ.

ಇಂತು,
ಭೀಮಗೊಂಡ

ತಾ. ಕ. ಸಹಿ ಮಾಡಿ, ಲಕೋಟೆ ಅಂಟಿಸಿ, ತಿರುಗಿ ಬಿಚ್ಚಿದ್ದೇನೆ. ನಲವತ್ತಲ್ಲ. ಪತಸಂಸ್ಥೆ ಬಾಗಿಲು ಹಾಕಿರಲಿಲ್ಲ, ಅದರೊಳಗೆ ನಾನು ಎಂದೂ ದುಡ್ಡು ಇಟ್ಟಿರಲಿಲ್ಲ. ಟೂರಿನವನಿಗೆ ಕೊಟ್ಟದ್ದು ಒಟ್ಟು ನಾಲ್ಕು ಲಕ್ಷ ಹನ್ನೆರಡು ಸಾವಿರ. ಒಂದು ಲಕ್ಷ ಮೂವತ್ತೆರಡು ಸಾವಿರ ನನ್ನದು. ಉಳಿದ ಎರಡು ಲಕ್ಷ ಎಂಬತ್ತು ಸಾವಿರ, ರಾಯಬಾಗದವರು ಕೊಟ್ಟದ್ದು, ನೀನು ಎಣಿಸದೆ ನನ್ನ ಕೈಯಲ್ಲಿ ಇಟ್ಟದ್ದು.